ಕೋಡಿ ಬಿಚ್ಚಿದ ಒಂಬತ್ತು ಹೆಂಗಸರಿಂದ, ಹಂಸದ ದೋಣಿಯ ಸಾಹೇಬರಿಗೆ

ಕೆರೆ, ಕಟ್ಟೆ, ಒಡ್ಡುಗಳ ಕ್ಷೇಮ ನೋಡಿಕೊಳ್ಳಲೆಂದು ನೇಮಕಗೊಂಡಿರುವ ಹಿರಿಯ ಎಂಜಿನಿಯರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಿಕೋಟಾದಿಂದ ಬಿಜ್ಜರಗಿಯ ಕಡೆಗೆ ಹೋಗುವ ದಾರಿಯಲ್ಲಿ ಒಬ್ಬ ಸಾವಕಾರರು ಸ್ವಂತಕ್ಕೆ ಕಟ್ಟಿಸಿಕೊಂಡಿರುವ ಮಣ್ಣಿನ ಒಡ್ಡು ಯಾರ ವ್ಯಾಪ್ತಿಗೆ ಬರುತ್ತದೆ ಎಂದು ಪತ್ತೆ ಹಚ್ಚಲು ನಿಮ್ಮ ಕಚೇರಿಗೆ ಎರಡು ವರ್ಷ ಸಾಲಲಿಲ್ಲ. ಅದೇ ಒಡ್ಡಿನ ಕೋಡಿಗೆ ಅಡ್ಡ ಪೇರಿಸಿದ್ದ ಮಣ್ಣಿನ ಚೀಲಗಳನ್ನು ಕಿತ್ತವರು ಯಾರು ಎಂದು ಪತ್ತೆ ಹಚ್ಚಲು ಎರಡು ತಾಸು ಸಾಕಾಯಿತು. ಇಷ್ಟು ಚುರುಕಾದ ಕಚೇರಿಯೊಂದು ನಮ್ಮ ಜಿಲ್ಲೆಯಲ್ಲಿದೆ ಎಂದು ತಿಳಿದು ಬಹಳ ಸಂತೋಷವಾಯಿತು. ಹೌದು, ಕಿತ್ತವರು ನಾವೇ, ಒಂಬತ್ತು ಹೆಂಗಸರು. ಪೊಲೀಸರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಏಳು ದಿನದೊಳಗೆ ಆ ಚೀಲಗಳನ್ನೆಲ್ಲ ಮೊದಲಿದ್ದಲ್ಲೇ ಇಡಬೇಕೆಂದು ನೀವು ಕಳಿಸಿದ ಆದೇಶವೂ ಮುಟ್ಟಿದೆ. ಇವತ್ತು ನಾಲ್ಕನೇ ದಿನ. ಇಡಲು ನಮ್ಮ ಅಭ್ಯಂತರವಿಲ್ಲ. ಅದಕ್ಕೆ ಒಂದು ಸಣ್ಣ ಷರತ್ತಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ನಿಮ್ಮ ಮೇಜಿನ ಮೇಲೆ ನಮ್ಮ ಕಾಗದ ಓದದೆ ಬೀಳುವ ಪದ್ಧತಿ ಇರುವುದರಿಂದ ಇದನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಯಾರಾದರೊಬ್ಬರು ನಿಮಗೆ ಓದಿ ಹೇಳುತ್ತಾರೆ.

ನಾನು ಯಾರೆಂದರೆ, ಆ ಒಡ್ಡಿನ ಬುಡದಿಂದ ನಾಲ್ಕುನೂರು ಹೆಜ್ಜೆ ಕೆಳಗಿರುವ ಹಳ್ಳದ ವಸ್ತಿಯ ಅಂಗನವಾಡಿ ಕಾರ್ಯಕರ್ತೆ. ವಸ್ತಿ ಎಂದರೆ ಮೂವತ್ತೊಂದು ಮನೆ, ಒಂದು ಹಿಟ್ಟಿನ ಗಿರಣಿ, ದ್ರಾಕ್ಷಿ ಒಣಗಿಸುವ ಎರಡು ಶೆಡ್ಡು, ಎಣಿಕೆಗೆ ಸಿಗದಷ್ಟು ಆಡು. ಅಂಗನವಾಡಿಯಲ್ಲಿ ಇಪ್ಪತ್ಮೂರು ಮಕ್ಕಳಿದ್ದಾರೆ, ಎಲ್ಲರೂ ಮೂರರಿಂದ ಆರು ವರ್ಷದವರು. ಅವರ ಹೆಸರು ಗೊತ್ತು, ಹಟ ಗೊತ್ತು, ಯಾರು ಸಾರಿನಲ್ಲಿ ಕರಿಬೇವು ಕಂಡರೆ ತಟ್ಟೆ ದೂಡುತ್ತಾರೆ ಎಂಬುದೂ ಗೊತ್ತು. ಬೆಳಿಗ್ಗೆ ಅವರನ್ನು ಒಳಗೆ ಕರೆದುಕೊಂಡು, ಸಂಜೆ ಅಷ್ಟೂ ಮಂದಿಯನ್ನು ಅವರವರ ಮನೆಗೆ ಜೀವಂತ ಮುಟ್ಟಿಸುವುದು ನನ್ನ ಕೆಲಸ. ಈ ಪತ್ರದ ಉದ್ದಕ್ಕೂ ನಾನು ಕೇಳುತ್ತಿರುವುದು ಅದೊಂದನ್ನೇ. ನಮ್ಮ ಕಿಟಕಿ ತೆರೆದರೆ ಎದುರಿಗೆ ಒಡ್ಡು. ಗುಡ್ಡದ ಚಿತ್ರ ಬರೆಯಿರಿ ಎಂದರೆ ನಮ್ಮ ಮಕ್ಕಳು ಅದನ್ನೇ ಬರೆಯುತ್ತಾರೆ, ಮತ್ತು ಗುಡ್ಡದ ತುದಿಯಲ್ಲಿ ತಪ್ಪದೆ ಒಂದು ಹಂಸ ಇರುತ್ತದೆ.

ಹಂಸ ಎಲ್ಲಿಂದ ಬಂತು ಎಂದು ನಿಮಗೆ ಹೇಳಬೇಕಿಲ್ಲ, ನೀವು ಅದರಲ್ಲಿ ಕೂತಿದ್ದೀರಿ. ಉಳಿದ ಓದುಗರಿಗೆ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಸಾವಕಾರರು ಹಳ್ಳಕ್ಕೆ ಅಡ್ಡ ಮಣ್ಣು ಹಾಕಿಸಲು ಶುರು ಮಾಡಿದಾಗ ಅದನ್ನು ಕೃಷಿ ಹೊಂಡ ಎಂದರು. ಪರವಾನಗಿಯೂ ಕೃಷಿ ಹೊಂಡದ್ದೇ. ಎರಡು ಜೆಸಿಬಿ, ಎಂಟು ಟಿಪ್ಪರ್, ನಲವತ್ತು ದಿನ. ಹೊಂಡ ಎಂದರೆ ಕೆಳಗೆ ಹೋಗಬೇಕಲ್ಲ, ಇದು ದಿನದಿನಕ್ಕೆ ಮೇಲೆ ಹೋಯಿತು. ಹಳ್ಳದ ನೀರು ತುಂಬಿತು, ಸಾಲದ್ದಕ್ಕೆ ಪೈಪು ಎಳೆದು ಇನ್ನಷ್ಟು ತುಂಬಿಸಿದರು. ಆಮೇಲೆ ಐದು ಹಂಸದ ದೋಣಿ ಬಂದವು, ನೀರಿನ ದಂಡೆಗೆ ಹೋಟೆಲು ಬಂತು, ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳುವ ಜೋಡಿಗಳಿಗಾಗಿ ಹೃದಯದ ಆಕಾರದ ಒಂದು ಕಟ್ಟೆ ಬಂತು. ‘ಜಲವಿಹಾರ’ ಎಂದು ಹೆಸರಾಯಿತು. ಕೃಷಿ ಎಲ್ಲಿ ಎಂದು ನಾನು ಒಮ್ಮೆ ಹುಡುಕಿದೆ. ಹೋಟೆಲಿನ ಮುಂದೆ ಎರಡು ಕುಂಡದಲ್ಲಿ ಕೊತ್ತಂಬರಿ ಹಾಕಿದ್ದರು, ಅದಿರಬೇಕು.

ಹೊಟ್ಟೆಕಿಚ್ಚಿಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ನೀರು ಕಂಡರೆ ನಮ್ಮ ಜಿಲ್ಲೆಯವರಿಗೆ ಹಬ್ಬ. ಭಾನುವಾರ ಬಂತೆಂದರೆ ವಿಜಯಪುರದಿಂದ ಸಂಸಾರ ಸಂಸಾರವೇ ಬುತ್ತಿ ಕಟ್ಟಿಕೊಂಡು ಬರುತ್ತದೆ. ಇಬ್ರಾಹಿಂಪುರದಲ್ಲಿರುವ ನನ್ನ ತಂಗಿ ಶಾಹೀನ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು, ನಾನೂ ಅವಳ ಜೊತೆ ದೋಣಿ ಹತ್ತಿದೆ, ಪೆಡಲ್ ತುಳಿದೆ, ಕಿರುಚಿದೆ. ಚೆನ್ನಾಗಿತ್ತು. ನೀರಿನ ಕಡೆಯಿಂದ ನೋಡಿದರೆ ಆ ಒಡ್ಡು ನಿಜಕ್ಕೂ ಬಹಳ ಚಂದ. ಕಷ್ಟವೇನೆಂದರೆ, ನಾವು ಮೂವತ್ತೊಂದು ಮನೆಯವರು ಇನ್ನೊಂದು ಕಡೆ ಇದ್ದೇವೆ.

ಸಾವಕಾರರ ತಪ್ಪು, ನಿಮ್ಮ ತಪ್ಪು ಎಣಿಸುವ ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಅಂಥ ತಪ್ಪು ಮಾಡಲು ಈ ಸೀಮೆಯಲ್ಲೇ ಹುಟ್ಟಿರಬೇಕು. ಒಡ್ಡು ಕಟ್ಟಿದ ಎರಡನೇ ವರ್ಷದ ಏಪ್ರಿಲ್. ಎರೆಹೊಲ ಬಿರುಕು ಬಿಟ್ಟು ಮಕ್ಕಳ ಕಾಲು ಸಿಕ್ಕಿಕೊಳ್ಳುವ ಕಾಲ. ಅಂಥದ್ದರಲ್ಲಿ ಒಡ್ಡಿನ ಹೊರಮಗ್ಗುಲಿಗೆ, ಬುಡದಲ್ಲಿ, ಒಂದು ಕೌದಿಯಷ್ಟು ಅಗಲಕ್ಕೆ ಹುಲ್ಲು ಹಸಿರಾಯಿತು. ವಾರದಲ್ಲಿ ಅಲ್ಲಿ ನೀರು ಜಿನುಗತೊಡಗಿತು. ನಮ್ಮ ಅಂಗನವಾಡಿಯ ಸಹಾಯಕಿ ಗುರುಸಿದ್ದವ್ವ, ಐವತ್ತೆಂಟರ ಹೆಂಗಸು, ಒಲೆಯ ಮೇಲಿನ ಬೇಳೆ ಬಿಟ್ಟು ಓಡಿ ಬಂದಳು.

“ಅಕ್ಕೋರ, ಗಂಗವ್ವ ಬಂದಾಳ್ರಿ ನಮ್ಮ ವಸ್ತಿಗೆ! ಸೆಲಿ ಒಡದೈತಿ! ಏಪ್ರಿಲ್ನ್ಯಾಗ ಸೆಲಿ ಒಡದೈತಿ!”

ಬೇಸಿಗೆಯಲ್ಲಿ ತಾನಾಗಿ ನೀರು ಬಂದರೆ ನಾವು ಅದನ್ನು ಅನುಮಾನಿಸುವ ಜನರಲ್ಲ ಸಾಹೇಬರೇ, ಕೈಮುಗಿಯುವ ಜನ. ವಸ್ತಿಯ ಸಕ್ರವ್ವ ಅರಿಷಿಣ ಕುಂಕುಮ ತಂದಳು. ಒಂದು ಕಲ್ಲು ನಿಲ್ಲಿಸಿ, ಹಸಿರು ಬಳೆ, ಖಣ, ಕೊಬ್ಬರಿ ಬಟ್ಟಲು ಇಟ್ಟು ಐದು ಮಂದಿ ಮುತ್ತೈದೆಯರು ಉಡಿ ತುಂಬಿದರು. ನಮ್ಮ ಮನೆ ಕಡೆಯ ರಾಜಬಿ ಸುಮ್ಮನಿರುತ್ತಾಳೆಯೇ, ಅವಳು ಸಕ್ಕರೆಯ ಮೇಲೆ ಫಾತಿಹಾ ಓದಿಸಿ ಹಂಚಿದಳು. ನಾನು, ಓದಿದವಳು, ಇಲಾಖೆಯ ತರಬೇತಿ ಪಡೆದವಳು, ಇಪ್ಪತ್ಮೂರು ಮಕ್ಕಳನ್ನು ಸಾಲಾಗಿ ಕರೆದೊಯ್ದು ಆ ನೀರಿಗೆ ಸಲಾಂ ಮಾಡಿಸಿದೆ. ಸಾವಕಾರರೇ ಬಂದು ಕೈಮುಗಿದು ಹೋದರು, ಮಾರನೇ ದಿನ ಅಲ್ಲೊಂದು ಬೋರ್ಡು ನೆಡಿಸಿದರು: ‘ಪವಿತ್ರ ಸೆಲೆ. ಚಪ್ಪಲಿ ಹೊರಗೆ ಬಿಡಿ.’ ಸೋರುವ ಒಡ್ಡಿಗೆ ಉಡಿ ತುಂಬಿ, ಸಕ್ಕರೆ ಓದಿಸಿ, ಚಪ್ಪಲಿ ಕಳಚಿ ನಿಂತ ಜನ ಈ ಭೂಮಿಯ ಮೇಲೆ ಬೇರೆ ಯಾರೂ ಇರಲಿಕ್ಕಿಲ್ಲ. ನಾಲ್ಕು ತಿಂಗಳು ಹಾಗೇ ನಡೆಯಿತು.

ನಮ್ಮ ಕಣ್ಣು ತೆರೆಸಿದವರು ಗುರುಸಿದ್ದವ್ವನ ಅಣ್ಣ ಬಸಗೊಂಡಪ್ಪ. ಮಮದಾಪುರದವರು, ಹಳೆಯ ಕೆರೆಯ ಒಡ್ಡಿನ ಮೇಲೆ ಆಡಿ ಬೆಳೆದು, ಆಮೇಲೆ ಮೂವತ್ತು ವರ್ಷ ಅಲ್ಲೇ ಒಡ್ಡು ತಿದ್ದುವ ಕೂಲಿ ಮಾಡಿದವರು. ಪಂಚಮಿಗೆ ತಂಗಿಯನ್ನು ತವರಿಗೆ ಕರೆದೊಯ್ಯಲು ಬಂದಿದ್ದರು. ಇವಳು ಜಂಬದಿಂದ ಅವರನ್ನು ಗಂಗವ್ವನ ಹತ್ತಿರ ಕರೆದೊಯ್ದಳು. ಅವರು ಕೈಮುಗಿಯಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಬೊಗಸೆಯಲ್ಲಿ ನೀರು ತೆಗೆದು, ಎರಡು ಬೆರಳಲ್ಲಿ ತಿಕ್ಕಿ ನೋಡಿದರು.

“ಗುರಸಿದ್ದಿ, ಯಾರಿಗೆ ಬೇ ಉಡಿ ತುಂಬೀರಿ ನೀವು?”

“ಗಂಗವ್ವಗೋ ಯಣ್ಣಾ.”

“ಇದು ಸೆಲಿ ಅಲ್ಲ. ಸೆಲಿ ನೀರು ತಿಳಿ ಇರ್ತೈತಿ. ಇದು ಮಣ್ಣು ಹೊತ್ಕೊಂಡು ಬರಾಕತ್ತೈತಿ ನೋಡು. ಒಡ್ಡಿನ ಹೊಟ್ಟಿಯೊಳಗ ಇಲಿ ಬಿಲ ತೋಡಿದಂಗ ನೀರು ತೋಡಾಕತ್ತೈತಿ.” ಆಮೇಲೆ ನನ್ನ ಕಡೆ ತಿರುಗಿದರು. “ಒಡ್ಡು ಕಟ್ಟೂದಂದ್ರ ಒಂದು ಗೇಣು ಮಣ್ಣು ಹಾಕಬೇಕ್ರಿ ಅಕ್ಕೋರ, ನೀರು ಹೊಡಿಬೇಕು, ಮ್ಯಾಲ ಕುರಿ ಹಿಂಡು ಬಿಟ್ಟು ದಿನಗಟ್ಟಲೆ ತುಳಸಬೇಕು. ಆಮ್ಯಾಲ ಮತ್ತೊಂದು ಗೇಣು. ನಮ್ಮ ಮುತ್ಯಾನ ಕಾಲದಾಗ ಹಂಗ ಮಾಡ್ತಿದ್ರಂತ. ಇವ್ರು ಟಿಪ್ಪರ್‌ಲೆ ಸುರುವಿ ಜೆಸಿಬಿಲೆ ಸವರಿ ಬಿಟ್ಟಾರ. ಇದು ಒಡ್ಡಲ್ರಿ, ಮಣ್ಣಿನ ರಾಶಿ.”

ನನಗೆ ನಂಬಲು ಮನಸ್ಸಾಗಲಿಲ್ಲ. ಅವರು ವಾದ ಮಾಡಲಿಲ್ಲ, ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ ಕೇಳಿದರು. ಅದರಲ್ಲಿ ಆ ನೀರು ತುಂಬಿ ಅಂಗನವಾಡಿಯ ಕಪಾಟಿನ ಮೇಲೆ ಇಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ತಳದಲ್ಲಿ ಒಂದು ಗೆರೆಯಷ್ಟು ಕರಿ ಮಣ್ಣು ಕೂತಿತ್ತು. ಒಡ್ಡಿನ ಮಣ್ಣು. ಅವತ್ತಿನಿಂದ ನನಗೆ ಹೆದರಿಕೆ ಹತ್ತಿತು. ತಮಾಷೆ ಮಾಡಿ ಬರೆಯುತ್ತಿದ್ದೇನೆ ನಿಜ, ಆದರೆ ಅವತ್ತಿನಿಂದ ಈವತ್ತಿನ ತನಕ ಒಂದು ದಿನವೂ ನಾನು ಹೆದರದೆ ಅಂಗನವಾಡಿಯ ಬಾಗಿಲು ತೆರೆದಿಲ್ಲ.

ವಾರಕ್ಕೊಂದು ಸಲ ಬಾಟಲಿ ತುಂಬಿ, ಮಣ್ಣು ಕೂರಲು ಬಿಟ್ಟು, ಫುಟ್‌ಪಟ್ಟಿಯಲ್ಲಿ ಅಳೆದೆ. ಬರೆದಿಡಲು ನನ್ನ ಹತ್ತಿರ ಇದ್ದದ್ದು ಮಕ್ಕಳ ಬೆಳವಣಿಗೆಯ ಪಟ್ಟಿ ಮಾತ್ರ, ಹಸಿರು ಹಳದಿ ಕೆಂಪು ಬಣ್ಣದ್ದು. ಒಂದು ಖಾಲಿ ಪಟ್ಟಿ ತೆಗೆದು ಮಗುವಿನ ಹೆಸರು ‘ಒಡ್ಡಿನ ಮಣ್ಣು’, ತಂದೆಯ ಹೆಸರು ‘ಸಾವಕಾರರು’, ತಾಯಿಯ ಹೆಸರು ‘ತಿಳಿದುಬಂದಿಲ್ಲ’ ಎಂದು ತುಂಬಿದೆ. ನಮ್ಮ ಯಾವ ಮಗುವೂ ಅಷ್ಟು ಭರದಿಂದ ಬೆಳೆದಿಲ್ಲ ಸಾಹೇಬರೇ. ನಾಲ್ಕು ತಿಂಗಳಲ್ಲಿ ಮೂರು ಪಟ್ಟು. ಆ ಪಟ್ಟಿಯ ನಕಲು ಲಗತ್ತಿಸಿ ನಿಮ್ಮ ಕಚೇರಿಗೆ ಮೊದಲ ಅರ್ಜಿ ಕೊಟ್ಟೆ. ಎರಡು ತಿಂಗಳಿಗೆ ಉತ್ತರ ಬಂತು: ‘ಮಕ್ಕಳ ಬೆಳವಣಿಗೆಯ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಒಳಪಡದ ಕಾರಣ ಸದರಿ ಅರ್ಜಿಯನ್ನು ಸಂಬಂಧಪಟ್ಟ ಇಲಾಖೆಗೆ ವರ್ಗಾಯಿಸಿದೆ.’ ವರ್ಗಾವಣೆಯಾಗಿದ್ದು ನನ್ನದೇ ಇಲಾಖೆಗೆ. ನನ್ನ ಮೇಲ್ವಿಚಾರಕಿ ಅನುರಾಧಾ ಮೇಡಂ ಫೋನು ಮಾಡಿದರು. “ಸಬೀರಾ, ಈ ಮಗು ಯಾವುದ್ರಿ? ನಿಮ್ಮ ಹಾಜರಿ ಪುಸ್ತಕದಾಗ ಇಲ್ಲಲ್ಲ? ಇದಕ್ಕ ಮೊಟ್ಟಿ ಯಾರ ಪಾಲಿಂದ ಕೊಡಾಕತ್ತೀರಿ?” ನಾನು ವಿಷಯ ಹೇಳಿದ ಮೇಲೆ ಆ ತಾಯಿ ನಗಲೂ ಆಗದೆ ಅಳಲೂ ಆಗದೆ ಫೋನಿಟ್ಟರು. ನಿಮ್ಮ ಕಚೇರಿಯಲ್ಲಿ ನನ್ನ ಅರ್ಜಿಯ ಮೊದಲ ಸಾಲನ್ನಾದರೂ ಯಾರಾದರೂ ಓದಿದ್ದರೆ ಆ ಬಡಪಾಯಿಗೆ ಈ ಪೇಚು ಬರುತ್ತಿರಲಿಲ್ಲ.

ಎರಡನೇ ಅರ್ಜಿಗೆ, ದಾಖಲೆಯಲ್ಲಿ ಅದು ಕೃಷಿ ಹೊಂಡವಾಗಿರುವುದರಿಂದ ತಮಗೆ ಸಂಬಂಧವಿಲ್ಲ ಎಂದು ಬರೆದಿರಿ. ಮೂರನೇ ಅರ್ಜಿಯಲ್ಲಿ ನಾನು, ಅದು ಹೊಂಡವಲ್ಲ, ನೆಲದಿಂದ ಮೇಲಕ್ಕಿದೆ, ದಯವಿಟ್ಟು ಅಳೆಯಿರಿ ಎಂದೆ. ಅಳೆಸಿದಿರಿ, ಅದಕ್ಕೆ ಕೃತಜ್ಞತೆ. ಒಂಬತ್ತು ಮೀಟರ್ ನಲವತ್ತು ಸೆಂಟಿಮೀಟರ್. ಹತ್ತು ಮೀಟರ್ ತಲುಪದ ಕಾರಣ ನೀವು ವಿಚಾರಿಸಬೇಕಾದ ಅಣೆಕಟ್ಟುಗಳ ಪೈಕಿ ಅದು ಬರುವುದಿಲ್ಲ ಎಂದು ಉತ್ತರ ಕೊಟ್ಟಿರಿ. ಅರವತ್ತು ಸೆಂಟಿಮೀಟರ್! ನನ್ನ ಅಂಗನವಾಡಿಯ ಅತಿ ಗಿಡ್ಡ ಮಗುವೂ ಅದಕ್ಕಿಂತ ಎತ್ತರವಿದೆ. ಆ ಮಗುವನ್ನು ಒಡ್ಡಿನ ಮೇಲೆ ನಿಲ್ಲಿಸಿದ್ದರೆ ನಿಮ್ಮ ವ್ಯಾಪ್ತಿಗೆ ಬರುತ್ತಿತ್ತೇ? ಒಂಬತ್ತು ಮೀಟರ್ ನಲವತ್ತರಿಂದ ಬೀಳುವ ನೀರು, ‘ನಾನಿನ್ನೂ ಹತ್ತು ಮುಟ್ಟಿಲ್ಲ, ಇವರನ್ನು ಮುಳುಗಿಸುವ ಅಧಿಕಾರ ನನಗಿಲ್ಲ’ ಎಂದು ಹಳ್ಳದಲ್ಲಿ ತಡೆದು ನಿಲ್ಲುತ್ತದೆಯೇ?

ಇಷ್ಟರಲ್ಲಿ ಸಾವಕಾರರಿಗೆ ಇನ್ನೊಂದು ಚಿಂತೆ ಶುರುವಾಯಿತು. ಹೋಟೆಲಿನ ಮೆಟ್ಟಿಲಿಗೂ ನೀರಿಗೂ ಮಧ್ಯೆ ಅಸಹ್ಯವಾಗಿ ಕೆಸರು ಕಾಣುತ್ತದೆ, ಗಿರಾಕಿಗಳ ಚಪ್ಪಲಿ ಹಾಳಾಗುತ್ತದೆ, ದೋಣಿ ನೇರ ಮೆಟ್ಟಿಲಿಗೆ ಬರಬೇಕು. ಹಾಗಾದರೆ ನೀರಿನ ಮಟ್ಟ ಏರಬೇಕು. ಏರುವುದಕ್ಕೆ ಅಡ್ಡಿ ಏನು? ಕೋಡಿ. ಒಡ್ಡಿನ ಪಡುವಣ ತುದಿಯಲ್ಲಿ ಹೆಚ್ಚಾದ ನೀರು ತಾನಾಗಿ ಹೊರಗೆ ಹರಿದು, ವಸ್ತಿಯನ್ನು ಬಳಸಿಕೊಂಡು ಹಳೇ ಹಳ್ಳ ಸೇರುವ ದಾರಿ ಅದು. ಕಟ್ಟಿದವರು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ. ಅದಕ್ಕೆ ಅಡ್ಡವಾಗಿ ಸಿಮೆಂಟಿನ ಖಾಲಿ ಚೀಲಗಳಲ್ಲಿ ಮಣ್ಣು ತುಂಬಿಸಿ, ಮೂರು ಅಡಿ ಎತ್ತರಕ್ಕೆ ಪೇರಿಸಿದರು. ಸೋರುವ ಒಡ್ಡಿನ ಮೇಲೆ ಇನ್ನೂ ಮೂರು ಅಡಿ ನೀರು, ಗಿರಾಕಿಗಳ ಚಪ್ಪಲಿಯ ಸಲುವಾಗಿ. ಬಸಗೊಂಡಪ್ಪನವರಿಗೆ ಫೋನಿನಲ್ಲಿ ಹೇಳಿದೆ. “ಮಕ್ಕಳನ್ನ ಅಲ್ಲಿ ಕುಂದರಿಸಬ್ಯಾಡ್ರಿ ತಂಗಿ” ಎಂದರು. ಇನ್ನೆಲ್ಲಿ ಕೂರಿಸಲಿ? ಅಂಗನವಾಡಿ ಬದಲಿಸಲು ಬೇರೆ ಕಟ್ಟಡ ಇಲ್ಲ, ಕಟ್ಟಡ ಬದಲಿಸಿದರೂ ಮಕ್ಕಳ ಮನೆಗಳು ಅಲ್ಲೇ ಇವೆ.

ನಾಲ್ಕನೇ ಅರ್ಜಿ ಕೊಟ್ಟೆ. ಈ ಸಲ ನೀವೇ ಬಂದಿರಿ. ಭಾನುವಾರ, ಕುಟುಂಬ ಸಮೇತ. ಸರ್ಕಾರಿ ಕೆಲಸಕ್ಕೆ ರಜೆಯ ದಿನವನ್ನೂ ಕೊಡುವ ಅಧಿಕಾರಿ ಎಂದು ನಮ್ಮ ವಸ್ತಿಯಲ್ಲಿ ನಿಮಗೆ ಅರ್ಧ ತಾಸಿನ ಮಟ್ಟಿಗೆ ಒಳ್ಳೆಯ ಹೆಸರಿತ್ತು. ಗುರುಸಿದ್ದವ್ವ, ನಾನು, ಸಕ್ರವ್ವ ಒಡ್ಡಿನ ಮೇಲೆ ಹತ್ತಿ ನಿಂತೆವು. ನೀವು ಮೂರನೇ ನಂಬರಿನ ಹಂಸದಲ್ಲಿದ್ದಿರಿ, ತಂಪು ಕನ್ನಡಕ ಹಾಕಿದ್ದಿರಿ. ಗುರುಸಿದ್ದವ್ವ ಕೈಬೀಸಿ ಕೂಗಿದಳು.

“ಸಾಹೇಬ್ರ, ಆ ಕಡೆ ಅಲ್ರಿ, ಈ ಕಡೆ ಬರ್ರಿ! ಸೋರೂದು ಈ ಕಡೆ ಐತ್ರಿ!”

“ನೋಡ್ತೀವಿ ತಾಯಿ, ಒಂದು ಅರ್ಜಿ ಕೊಡ್ರಿ!” ಎಂದು ನೀರಿನ ಮೇಲಿನಿಂದ ಉತ್ತರ ಬಂತು.

“ಅರ್ಜಿ ಕೊಟ್ಟದ್ದಕ್ಕ ಅಲ್ರಿ ಯಪ್ಪಾ ನೀವು ಬಂದಿದ್ದು?”

ಹಂಸ ತಿರುಗಿತು. ನಿಮ್ಮ ಪರಿಶೀಲನಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ತರಿಸಿಕೊಂಡು ಓದಿದೆ. ‘ಜಲಮಟ್ಟ ಸಮಾಧಾನಕರ. ಪರಿಸರ ಆಹ್ಲಾದಕರ. ಸಾರ್ವಜನಿಕರ ಆರೋಪದಲ್ಲಿ ಹುರುಳಿಲ್ಲ.’ ಇದರಲ್ಲಿ ಸುಳ್ಳು ಒಂದೇ ವಾಕ್ಯ, ಅದಕ್ಕಾಗಿ ನಿಮ್ಮನ್ನು ಮೆಚ್ಚಲೇಬೇಕು. ಆದರೆ ಒಡ್ಡಿನ ಆರೋಗ್ಯವನ್ನು ದೋಣಿಯಲ್ಲಿ ಕೂತು ನೋಡುವ ವಿದ್ಯೆ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಡಾಕ್ಟರು ರೋಗಿಯ ಅಂಗಿ ನೋಡಿ, ಇಸ್ತ್ರಿ ಚೆನ್ನಾಗಿದೆ, ಜ್ವರ ಇಲ್ಲ ಎಂದು ಬರೆದ ಹಾಗಾಯಿತಲ್ಲ ಇದು?

ನೀವು ಹೋದ ಮೇಲೆ ನಾನು ಒಂದು ಆಟ ಕಟ್ಟಿದೆ. ಸೀಟಿ ಊದಿದ ಕೂಡಲೇ ಇಪ್ಪತ್ಮೂರು ಮಕ್ಕಳೂ ಇದ್ದದ್ದು ಇದ್ದಂತೆ ಬಿಟ್ಟು ಮೇಲಿನ ಡಾಂಬರು ರಸ್ತೆಗೆ ಓಡಬೇಕು. ಮಕ್ಕಳಿಗೆ ಅದರ ಹೆಸರು ‘ರಸ್ತೆ ಮುಟ್ಟೋ ಆಟ’. ಯಾಕೆ ಆಡಿಸುತ್ತಿದ್ದೇನೆ ಎಂದು ಅವರಿಗೆ ಗೊತ್ತಿಲ್ಲ. ಒಬ್ಬ ಮೂರು ವರ್ಷದವನನ್ನು ಕಂಕುಳಲ್ಲಿ ಎತ್ತಿಕೊಂಡು, ಇಬ್ಬರನ್ನು ಕೈಹಿಡಿದು, ಗುರುಸಿದ್ದವ್ವ ಹಿಂದಿನಿಂದ ಉಳಿದವರನ್ನು ಹೊಡೆದುಕೊಂಡು ಬಂದರೆ ಮೊದಲ ದಿನ ಹನ್ನೊಂದು ನಿಮಿಷ ಹಿಡಿಯಿತು. ಒಂದು ತಿಂಗಳು ದಿನಾ ಆಡಿಸಿ ಏಳಕ್ಕೆ ತಂದೆ. ಒಡ್ಡು ಹೋದರೆ ನೀರು ನಮ್ಮ ಬಾಗಿಲಿಗೆ ಬರಲು ಎಷ್ಟು ಹೊತ್ತು ಎಂದು ಬಸಗೊಂಡಪ್ಪನವರನ್ನು ಕೇಳಿದೆ. “ಮೂರು ನಿಮಿಷ ಅಂತ ಹಿಡೀರಿ” ಎಂದರು. ಏಳರಲ್ಲಿ ಮೂರು ಕಳೆದರೆ ನಾಲ್ಕು ಉಳಿಯುತ್ತದೆ. ಆ ನಾಲ್ಕು ನಿಮಿಷ ನಾವೆಲ್ಲಿರುತ್ತೇವೆ ಎಂದು ನೀವು ಎಂಜಿನಿಯರು, ಹೇಳಿ.

ಒಂದು ಶುಕ್ರವಾರ ಮೊಟ್ಟೆ ಕೊಡುವ ದಿನ ಸೀಟಿ ಊದಿದೆ. ಎಲ್ಲರೂ ಓಡಿದರು. ರಸ್ತೆಯ ಮೇಲೆ ಎಣಿಸಿದರೆ ಇಪ್ಪತ್ತೆರಡು. ಹಿಂದಕ್ಕೆ ಓಡಿ ನೋಡಿದರೆ, ವಸ್ತಿಯ ಸೈಫುದ್ದೀನನ ಮಗಳು, ಮೂರೂವರೆ ವರ್ಷದವಳು, ಅರ್ಧ ದಾರಿಯಿಂದ ತಿರುಗಿ ಹೋಗಿ, ಒಳಗೆ ಬಿಟ್ಟು ಬಂದಿದ್ದ ಮೊಟ್ಟೆಯ ಮುಂದೆ ಕೂತಿದ್ದಳು. “ನಂದು ಉಳದಿತ್ರಿ ಅಕ್ಕೋರ” ಎಂದಳು. ಅಲ್ಲೇ ಹೊಸ್ತಿಲಲ್ಲಿ ಕೂತು ಅತ್ತೆ. ಮಕ್ಕಳ ಮುಂದೆ ನಾನು ಅತ್ತಿದ್ದು ಅದೊಂದೇ ಸಲ.

ಇನ್ನು ನಮ್ಮ ಅಪರಾಧದ ದಿನಕ್ಕೆ ಬರುತ್ತೇನೆ. ಈ ಸೆಪ್ಟೆಂಬರಿನಲ್ಲಿ ಮಳೆ ಮೂರು ದಿನ ಬಿಡಲಿಲ್ಲ. ಗುರುವಾರ ಬೆಳಿಗ್ಗೆ ಒಡ್ಡು ಹತ್ತಿ ನೋಡಿದರೆ ನೀರು ತುದಿಯಿಂದ ಒಂದು ಮೊಳ ಕೆಳಗಿತ್ತು, ಕೆಳಗೆ ಸೆಲೆ ಎನ್ನಿಸಿಕೊಂಡಿದ್ದದ್ದು ಕಾಲುವೆಯ ಹಾಗೆ ಹರಿಯುತ್ತಿತ್ತು, ಕೆಂಪಗೆ ಕರ್ರಗೆ. ನಿಮ್ಮ ಕಚೇರಿಗೆ ಫೋನು ಮಾಡಿದೆ. ಸಾಹೇಬರು ವಿಪತ್ತು ನಿರ್ವಹಣೆಯ ಮೀಟಿಂಗಿನಲ್ಲಿದ್ದಾರೆ, ತೊಂದರೆ ಕೊಡಬಾರದು ಎಂದರು. ಜಲವಿಹಾರದ ಮ್ಯಾನೇಜರ್ ಈರಯ್ಯನ ಹತ್ತಿರ ಹೋದೆವು. ಚೀಲ ತೆಗೆಸಪ್ಪಾ ಎಂದೆವು.

“ಸಾವಕಾರ್ರು ಪುಣೆಕ ಹೋಗ್ಯಾರ್ರಿ. ಅವರನ್ನ ಕೇಳದ ಚೀಲ ಮುಟ್ಟಾಕ ಬರೂದಿಲ್ಲ. ಶನಿವಾರ ಇಲ್ಲೆ ಬರ್ತ್‌ಡೇ ಪಾರ್ಟಿ ಬ್ಯಾರೆ ಐತಿ, ದೋಣಿ ಮೆಟ್ಟಲ ಮಟಾ ಬರಬೇಕ್ರಿ” ಎಂದ.

ಗಂಡಸರು ಸಭೆ ಸೇರಿದರು. ಸಾವಕಾರರ ದ್ರಾಕ್ಷಿ ತೋಟದ ಕೂಲಿ, ಸಾವಕಾರರ ಟ್ರಾಕ್ಟರು, ಸಾವಕಾರರ ಮುಲಾಜು, ಎಲ್ಲ ಚರ್ಚೆಯಾಯಿತು. ಚರ್ಚೆ ಮುಗಿಯುವಷ್ಟರಲ್ಲಿ ಸಕ್ರವ್ವ ಸಲಿಕೆ ಹಿಡಿದು ಹೊರಟಿದ್ದಳು. ಹಿಂದೆ ಗುರುಸಿದ್ದವ್ವ, ರಾಜಬಿ, ನಾನು, ಇನ್ನೂ ಐವರು. ಮಕ್ಕಳನ್ನು ಮೊದಲೇ ಅವರ ತಾಯಂದಿರ ಜೊತೆ ರಸ್ತೆಗೆ ಕಳಿಸಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೆ ಶುರು ಮಾಡಿದೆವು, ಮುಚ್ಚುಮರೆ ಏನೂ ಇಲ್ಲ. ಈರಯ್ಯ ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತ ನಿಂತ. ಗುರುಸಿದ್ದವ್ವ ಸೊಂಟ ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, “ಏ ಈರಯ್ಯಾ, ಮಾರಿ ಛಂದ ಬರೂವಂಗ ತಗೀಯಪ್ಪಾ, ಕೋರ್ಟಿನ್ಯಾಗ ತೋರಸ್ತಾರ” ಎಂದಳು. ನೀವು ಎರಡು ತಾಸಿನಲ್ಲಿ ನಮ್ಮನ್ನು ಪತ್ತೆ ಹಚ್ಚಿದ್ದು ಆ ವಿಡಿಯೊದಿಂದ. ಮುಖ ಚಂದ ಬಂದಿದೆ ಎಂದು ಕೇಳಿದೆ.

ಮೇಲಿನಿಂದ ಒಂದೊಂದೇ ಸಾಲು ಚೀಲ ಎಳೆದೆವು. ನೀರು ಮೊದಲು ನಾಚಿಕೊಂಡು, ಆಮೇಲೆ ಧೈರ್ಯವಾಗಿ ಹೊರಗೆ ಹೊರಟಿತು, ತನ್ನ ಹಳೇ ದಾರಿಯಲ್ಲೇ ಹೋಗಿ ಹಳ್ಳ ಸೇರಿತು. ಯಾರ ಮನೆಗೂ ನುಗ್ಗಲಿಲ್ಲ, ಯಾರ ಬೆಳೆಯನ್ನೂ ಮುಟ್ಟಲಿಲ್ಲ. ಸಕ್ರವ್ವ ಬಟ್ಟೆ ಒಗೆಯುತ್ತಿದ್ದ ಕಲ್ಲು ಮಾತ್ರ ಹೋಯಿತು. ಸಂಜೆಯ ಹೊತ್ತಿಗೆ ನೀರು ಎರಡು ಅಡಿ ಇಳಿದಿತ್ತು, ಒಡ್ಡಿನ ಕ್ಷೇಮ ಕೇಳಲು ಬಂದಿದ್ದ ಬಸಗೊಂಡಪ್ಪ, “ಈ ಮಳಿ ದಾಟಿದ್ವಿ” ಎಂದರು. ಐದೂ ಹಂಸಗಳು ಕೆಸರಿನಲ್ಲಿ ಒಂದೊಂದು ದಿಕ್ಕಿಗೆ ಕತ್ತು ಹಾಕಿ ಕೂತಿದ್ದವು. ಬರ್ತ್‌ಡೇ ಪಾರ್ಟಿ ರದ್ದಾಯಿತು. ಆ ಮಗುವಿನ ಕ್ಷಮೆ ಕೇಳುತ್ತೇನೆ, ಅದರ ಅಪ್ಪ ಅಮ್ಮ ಒಪ್ಪಿದರೆ ನಮ್ಮ ಅಂಗನವಾಡಿಯಲ್ಲಿ ಹುಟ್ಟುಹಬ್ಬ ಮಾಡುತ್ತೇವೆ.

ಆ ಸಂಜೆಯೇ ನಮ್ಮ ಮೇಲೆ ಪ್ರಕರಣ ದಾಖಲಾಯಿತು. ಅದಕ್ಕೆ ನೀವು ಬರೆದುಕೊಟ್ಟ ಪತ್ರದ ಪ್ರತಿ ನನ್ನ ಕೈಯಲ್ಲಿದೆ, ಮೂರು ಸಲ ಓದಿದೆ. ‘ಸದರಿ ಜಲಾಶಯದ ನೀರು ಹೊರಬಿಡುವ ವ್ಯವಸ್ಥೆಗೆ ಹಾನಿ ಉಂಟುಮಾಡಿ, ಅಮೂಲ್ಯ ಜಲಸಂಪತ್ತು ಪೋಲು ಮಾಡಿರುತ್ತಾರೆ.’ ಜಲಾಶಯ! ಎರಡು ವರ್ಷ ಅದು ಹೊಂಡವಾಗಿತ್ತು ಸಾಹೇಬರೇ. ನಾವು ಹೆದರಿಕೆ ಹೇಳಿಕೊಂಡಾಗ ಹೊಂಡ, ನಾವು ಸಲಿಕೆ ಹಿಡಿದಾಗ ಜಲಾಶಯ. ನಮ್ಮನ್ನು ಉಳಿಸುವಾಗ ನಿಮ್ಮ ವ್ಯಾಪ್ತಿಗೆ ಅರವತ್ತು ಸೆಂಟಿಮೀಟರ್ ಕಡಿಮೆ, ನಮ್ಮನ್ನು ಹಿಡಿಸುವಾಗ ಸರಿಯಾದ ಅಳತೆ. ಇನ್ನು, ಹೊರಬಿಡುವ ವ್ಯವಸ್ಥೆಗೆ ಹಾನಿ ಮಾಡಿದವರು ಯಾರು? ಅದರ ಬಾಯಿಗೆ ಮಣ್ಣು ತುಂಬಿದವರೋ, ತುಂಬಿದ್ದನ್ನು ತೆಗೆದವರೋ?

ಇರಲಿ. ಆದೇಶ ಆದೇಶವೇ. ನಾವು ಕಾನೂನಿಗೆ ತಲೆಬಾಗುವ ಹೆಂಗಸರು. ಕಿತ್ತ ಚೀಲಗಳನ್ನು ಎಸೆದಿಲ್ಲ, ಅರವತ್ತೆರಡು ಚೀಲವನ್ನೂ ಕೋಡಿಯ ಪಕ್ಕದಲ್ಲಿ ಪೇರಿಸಿ ತಾಡಪಾಲು ಮುಚ್ಚಿದ್ದೇವೆ. ಹರಿದಿದ್ದ ಆರನ್ನು ರಾಜಬಿ ದಬ್ಬಣದಿಂದ ಹೊಲಿದಿದ್ದಾಳೆ. ಬರುವ ಸೋಮವಾರ ನಿಮ್ಮ ಏಳನೇ ದಿನ. ಬೆಳಿಗ್ಗೆ ಹತ್ತಕ್ಕೆ ನಾವು ಒಂಬತ್ತು ಮಂದಿ ಅಲ್ಲಿರುತ್ತೇವೆ. ಒಂದೇ ತಾಸಿನಲ್ಲಿ ಎಲ್ಲ ಚೀಲ ಇದ್ದಲ್ಲೇ ಇಟ್ಟು ಕೊಡುತ್ತೇವೆ.

ನಮ್ಮ ಷರತ್ತು ಇಷ್ಟೆ. ತಾವು ಬರಬೇಕು, ಮತ್ತು ಈ ಸಲ ಕೆಳಗಿನ ಕಡೆಯಿಂದ ಬರಬೇಕು. ವಸ್ತಿಯೊಳಗಿಂದ ನಡೆದು, ಒಡ್ಡಿನ ಬುಡಕ್ಕೆ ಬಂದು, ಆ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಬೇಕು. ಆಮೇಲೆ ಒಂದು ಕಾಗದಕ್ಕೆ ಸಹಿ ಮಾಡಬೇಕು. ಕಾಗದ ನಾನೇ ಬರೆದಿಟ್ಟಿದ್ದೇನೆ, ನಿಮ್ಮ ಗುಮಾಸ್ತರಿಗೆ ತೊಂದರೆ ಬೇಡ. ‘ನಾನು ಈ ಒಡ್ಡನ್ನು ಕೆಳಗಿನಿಂದ ನೋಡಿದ್ದೇನೆ. ಇದು ಗಟ್ಟಿಯಾಗಿದೆ. ಕೋಡಿ ಮುಚ್ಚಲು ನಾನೇ ಹೇಳಿದ್ದೇನೆ. ಈ ಕೆಳಗೆ ಹೆಸರಿಸಿದ ಮಕ್ಕಳ ಜೀವಕ್ಕೆ ಇಂದಿನಿಂದ ನಾನು ಹೊಣೆ.’ ಕೆಳಗೆ ಇಪ್ಪತ್ಮೂರು ಹೆಸರು ಬರೆದಿದ್ದೇನೆ, ಪ್ರತಿಯೊಂದರ ಮುಂದೆ ವಯಸ್ಸೂ ಇದೆ. ಒಂದೊಂದನ್ನೂ ಗಟ್ಟಿಯಾಗಿ ಓದಿ ಸಹಿ ಮಾಡಬೇಕು. ಅವರ ತಾಯಂದಿರು ಅಲ್ಲೇ ನಿಂತಿರುತ್ತಾರೆ, ಯಾವ ಹೆಸರು ಯಾರದೆಂದು ತೋರಿಸುತ್ತಾರೆ.

ನಿಮ್ಮ ಸಹಿ ಬಿದ್ದ ಮರುಕ್ಷಣ ಮೊದಲ ಚೀಲ ನಾನೇ ಎತ್ತುತ್ತೇನೆ. ಬೀಳದಿದ್ದರೆ, ಪೆನ್ನು ಕೈಯಲ್ಲಿ ಹಿಡಿದೂ ಆ ಹೆಸರುಗಳ ಮುಂದೆ ನಿಮ್ಮ ಕೈ ಯಾಕೆ ತಡೆಯಿತು ಎಂಬುದನ್ನು ಅದೇ ಕಾಗದದ ಹಿಂಬದಿಗೆ ಬರೆದುಕೊಡಿ. ನಾವು ಎರಡು ವರ್ಷದಿಂದ ಕೇಳುತ್ತಿರುವ ವರದಿ ಅದೇ.

ಇಂತಿ,
ಅಮೂಲ್ಯ ಜಲಸಂಪತ್ತು ಪೋಲು ಮಾಡಿದ ಆರೋಪಿ ಕ್ರಮಾಂಕ ಒಂದು,
ಸಬೀರಾ ನದಾಫ
ಅಂಗನವಾಡಿ ಕಾರ್ಯಕರ್ತೆ (ಈ ಪತ್ರ ಅಚ್ಚಾಗುವವರೆಗಾದರೂ), ಹಳ್ಳದ ವಸ್ತಿ